ಅರವತ್ತರ ದಶಕದ ಪಾಪ್ ಮತ್ತು ಮ್ಯೂಸಿಕಲ್ ಫೋಟೊಗಳನ್ನು ನೋಡುವ ಬಗೆ

ಅರವತ್ತರ ದಶಕದ ಲಂಡನ್ ಮತ್ತು ನ್ಯೂಯಾರ್ಕ್‌ನ ಪಾಪ್ ಸಂಗೀತಕ್ಕೆ ಮನಸೋತವರು ಅನೇಕರಿದ್ದಾರೆ. ಅದೇ ಕಾಲದಲ್ಲಿ ಅದೇ ನಗರಗಳ ರಂಗಮಂದಿರಗಳಲ್ಲಿ ನಡೆದ ಸಂಗೀತ ನಾಟಕಗಳಿಗೆ, ಅಂದರೆ ಮ್ಯೂಸಿಕಲ್‌ಗಳಿಗೆ, ಮನಸೋತವರೂ ಇದ್ದಾರೆ. ಆದರೆ ಈ ಇಬ್ಬರು ಒಂದೆಡೆ ಕೂತು ಮಾತನಾಡುವುದು ಕಡಿಮೆ. ಪಾಪ್ ಎಂದರೆ ಹುಡುಗರ ಹುರುಪು, ಮ್ಯೂಸಿಕಲ್ ಎಂದರೆ ಅವರ ಅಪ್ಪ ಅಮ್ಮಂದಿರ ಸಂಜೆಯ ಮನರಂಜನೆ ಎಂಬ ಹಳೆಯ ವಿಂಗಡಣೆ ಇನ್ನೂ ಉಳಿದುಕೊಂಡಿದೆ. ಆ ಕಾಲದ ಫೋಟೊಗಳನ್ನು ಗಮನವಿಟ್ಟು ನೋಡತೊಡಗಿದರೆ ಈ ವಿಂಗಡಣೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಪಾಪ್ ಫೋಟೊವನ್ನು ರಂಗದ ಕಣ್ಣಿನಿಂದ ನೋಡಬೇಕು, ರಂಗದ ಫೋಟೊವನ್ನು ಹಾಡು ಕೇಳುತ್ತ ನೋಡಬೇಕು ಎಂಬುದು ನಾನು ಅನುಸರಿಸುವ ಕ್ರಮ. ಆ ಕ್ರಮವನ್ನು ಹೊಸದಾಗಿ ಆಸಕ್ತಿ ತಳೆದವರಿಗಾಗಿ ಇಲ್ಲಿ ವಿವರಿಸುತ್ತೇನೆ.

ಮುಖಕ್ಕಿಂತ ಮೊದಲು ಬೆಳಕು

ಪ್ರಸಿದ್ಧರ ಫೋಟೊ ಎದುರಿಗೆ ಬಂದಾಗ ಕಣ್ಣು ತಾನಾಗಿಯೇ ಮುಖದ ಕಡೆಗೆ ಓಡುತ್ತದೆ. ಅದನ್ನು ಸ್ವಲ್ಪ ಹೊತ್ತು ತಡೆದು, ಬೆಳಕು ಎಲ್ಲಿಂದ ಬರುತ್ತಿದೆ, ಅದನ್ನು ಅಲ್ಲಿಗೆ ತಂದವರು ಯಾರು, ಕ್ಯಾಮೆರಾ ಯಾವ ಎತ್ತರದಲ್ಲಿದೆ ಎಂಬ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಮೂಗಿನ ನೆರಳು ಯಾವ ಕಡೆ ಬಿದ್ದಿದೆ, ಕಣ್ಣಿನ ಪಾಪೆಯಲ್ಲಿ ಹೊಳೆಯುವ ಚುಕ್ಕೆ ದುಂಡಗಿದೆಯೋ ಕಿಟಕಿಯಂತೆ ಚೌಕಾಕಾರವಾಗಿದೆಯೋ ಎಂಬುದನ್ನು ನೋಡಿದರೆ ಮೊದಲ ಎರಡು ಪ್ರಶ್ನೆಗಳಿಗೆ ಅರ್ಧ ಉತ್ತರ ಸಿಕ್ಕಂತೆಯೇ. ಗಲ್ಲದ ಕೆಳಭಾಗ ಕಾಣುತ್ತಿದ್ದರೆ ಕ್ಯಾಮೆರಾ ಕೆಳಗಿತ್ತು, ನೆತ್ತಿ ಕಾಣುತ್ತಿದ್ದರೆ ಮೇಲಿತ್ತು.

ಅಭ್ಯಾಸಕ್ಕೆ ಬೀಟಲ್ಸ್ ತಂಡದ ಎರಡನೆಯ ಬ್ರಿಟಿಷ್ ಆಲ್ಬಮ್ಮಿನ ಮುಖಚಿತ್ರಕ್ಕಿಂತ ಒಳ್ಳೆಯದು ಸಿಗಲಾರದು. 1963ರ ನವೆಂಬರ್ 22ರಂದು ಬಿಡುಗಡೆಯಾದ ‘ವಿತ್ ದ ಬೀಟಲ್ಸ್’ಗಾಗಿ ರಾಬರ್ಟ್ ಫ್ರೀಮನ್ ಆ ವರ್ಷದ ಆಗಸ್ಟ್‌ನಲ್ಲಿ ಬೋರ್ನ್‌ಮೌತ್ ಪಟ್ಟಣದ ಹೋಟೆಲೊಂದರಲ್ಲಿ ಇದನ್ನು ತೆಗೆದರು. ಸ್ಟುಡಿಯೊ ದೀಪಗಳಿರಲಿಲ್ಲ, ಪಕ್ಕದ ದೊಡ್ಡ ಕಿಟಕಿಗಳಿಂದ ಬರುತ್ತಿದ್ದ ಹಗಲು ಬೆಳಕು, ಹಿಂದೆ ಕಡುಬಣ್ಣದ ಪರದೆ, ನಾಲ್ವರಿಗೂ ಕತ್ತು ಮುಚ್ಚುವ ಕಪ್ಪು ಅಂಗಿ, ಇಷ್ಟೇ ಸಾಮಗ್ರಿ. ಪರದೆಯೂ ಅಂಗಿಯೂ ಕಪ್ಪಿನಲ್ಲಿ ಕರಗಿಹೋಗಿ ಅರ್ಧ ಬೆಳಗಿದ ನಾಲ್ಕು ಮುಖಗಳು ಮಾತ್ರ ಉಳಿದವು. ಮೂವರನ್ನು ಒಂದು ಸಾಲಿನಲ್ಲಿ ನಿಲ್ಲಿಸಿ, ಎಲ್ಲರಿಗಿಂತ ಗಿಡ್ಡಗಿದ್ದ, ತಂಡಕ್ಕೆ ಕಡೆಯಲ್ಲಿ ಸೇರಿದ ರಿಂಗೊ ಸ್ಟಾರ್‌ರನ್ನು ಕೆಳಗೆ ಬಲಮೂಲೆಯಲ್ಲಿ ಇರಿಸಿದ್ದರಿಂದ ಚೌಕಾಕಾರದ ಹೊದಿಕೆ ಭರ್ತಿಯಾಯಿತು. ಫ್ರೀಮನ್ ಅದಕ್ಕೂ ಮೊದಲು ಜಾನ್ ಕಾಲ್ಟ್ರೇನ್‌ರಂಥ ಜಾಝ್ ಸಂಗೀತಗಾರರ ಕಪ್ಪು-ಬಿಳುಪು ಭಾವಚಿತ್ರಗಳನ್ನು ತೆಗೆದಿದ್ದವರು, ಆ ಗಾಂಭೀರ್ಯ ಇಲ್ಲಿಗೂ ಬಂದಿದೆ. ಹದಿಹರೆಯದವರಿಗೆ ಮಾರುವ ಹಾಡಿನ ತಟ್ಟೆಯ ಮೇಲೆ ಒಬ್ಬನೂ ನಗದಿರುವ ಚಿತ್ರವನ್ನು ಹಾಕುವುದು ಆಗ ಸಣ್ಣ ಧೈರ್ಯವಾಗಿರಲಿಲ್ಲ.

ಈಗ ಅದೇ ತಂಡದ ಮೊದಲ ಆಲ್ಬಮ್ಮಿಗೆ ಬನ್ನಿ. 1963ರ ಮಾರ್ಚ್ 22ರಂದು ಹೊರಬಂದ ‘ಪ್ಲೀಸ್ ಪ್ಲೀಸ್ ಮಿ’ಯ ಮುಖಚಿತ್ರದಲ್ಲಿ ನಾಲ್ವರೂ ಮಹಡಿ ಮೆಟ್ಟಿಲಿನ ಕಂಬಿಯ ಮೇಲೆ ಬಾಗಿ ನಗುತ್ತ ಕೆಳಗೆ ನೋಡುತ್ತಿದ್ದಾರೆ. ಇದನ್ನು ತೆಗೆದ ಆಂಗಸ್ ಮೆಕ್‌ಬೀನ್ ಪಾಪ್ ಲೋಕದವರೇ ಅಲ್ಲ. ಮೂವತ್ತರ ದಶಕದಿಂದ ಲಂಡನ್ ರಂಗಭೂಮಿಯ ಪ್ರಮುಖ ಛಾಯಾಗ್ರಾಹಕರಾಗಿದ್ದ ಅವರು ವಿವಿಯನ್ ಲೀ ಮೊದಲಾದ ನಟಿಯರ ಚಿತ್ರಗಳಿಗೆ ಹೆಸರಾದವರು. ಲಂಡನ್ನಿನ ಮ್ಯಾಂಚೆಸ್ಟರ್ ಸ್ಕ್ವೇರ್‌ನಲ್ಲಿದ್ದ ಇಎಂಐ ಎಂಬ ಧ್ವನಿಮುದ್ರಣ ಕಂಪನಿಯ ಕಚೇರಿಗೆ ಬಂದಾಗ ಅವರ ಬಳಿ ಮಾಮೂಲಿ ಭಾವಚಿತ್ರದ ಲೆನ್ಸ್ ಮಾತ್ರ ಇತ್ತು. ಅದರಲ್ಲಿ ನಾಲ್ವರೂ ಮೆಟ್ಟಿಲುಗಳ ನಡುವಿನ ತೆರಪೂ ಹಿಡಿಸಬೇಕಾದರೆ ಬಾಗಿಲ ಬಳಿ ನೆಲದ ಮೇಲೆ ಅಂಗಾತ ಮಲಗದೆ ಬೇರೆ ದಾರಿಯಿರಲಿಲ್ಲ ಎಂದು ಅವರೇ ಮುಂದೆ ಹೇಳಿಕೊಂಡಿದ್ದಾರೆ. ಈ ಸಂಗತಿ ತಿಳಿದ ಮೇಲೆ ಚಿತ್ರವನ್ನು ಇನ್ನೊಮ್ಮೆ ನೋಡಿ: ಒಂದರ ಮೇಲೊಂದು ಅಡ್ಡಗೆರೆಗಳಾಗಿ ಏರುವ ಕಂಬಿಗಳು, ಉಪ್ಪರಿಗೆಯ ಅಂಚಿನಿಂದ ಇಣುಕುವ ಪಾತ್ರಗಳು, ಕೆಳಗೆ ಅಂಗಳದಲ್ಲಿರುವ ಪ್ರೇಕ್ಷಕ. ಇದು ನಾಟಕದ ಉಪ್ಪರಿಗೆಯ ದೃಶ್ಯವೇ ಸರಿ. 1969ರಲ್ಲಿ ಮೆಕ್‌ಬೀನ್ ಅದೇ ಮೆಟ್ಟಿಲ ಬಳಿ ಅದೇ ನಾಲ್ವರನ್ನು ಅದೇ ಭಂಗಿಯಲ್ಲಿ ಮತ್ತೆ ತೆಗೆದರು. ಆ ಎರಡು ಸಂದರ್ಭಗಳ ಚಿತ್ರಗಳು ಬೀಟಲ್ಸ್ ಹಾಡುಗಳ 1973ರ ಕೆಂಪು ಮತ್ತು ನೀಲಿ ಹೊದಿಕೆಯ ಸಂಕಲನಗಳ ಮೇಲೆ ಜೊತೆಜೊತೆಯಾಗಿ ಬಂದಿವೆ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಗಡ್ಡ, ಕೂದಲು, ಅಂಗಿಗಳನ್ನು ಬದಿಗಿಟ್ಟು ಭುಜಗಳ ನಡುವಿನ ಅಂತರವನ್ನು ಮಾತ್ರ ಅಳೆದು ನೋಡುವುದು ಆರಂಭಿಕರಿಗೆ ನಾನು ಹೇಳುವ ಮೊದಲ ಅಭ್ಯಾಸ.

ಹಾಗೆಯೇ ಕೆಲವು ಚಿತ್ರಗಳಲ್ಲಿ ಲೆನ್ಸಿನ ಮುಂದೆ ಏನೋ ನಡೆದಿರುತ್ತದೆ. ರೋಲಿಂಗ್ ಸ್ಟೋನ್ಸ್ ತಂಡದ 1967ರ ‘ಬಿಟ್ವೀನ್ ದ ಬಟನ್ಸ್’ ಮುಖಚಿತ್ರದ ಅಂಚುಗಳು ಮಂಜಿನಲ್ಲಿ ಕರಗಿದಂತೆ ಕಾಣುತ್ತವೆ. ರಾತ್ರಿಯಿಡೀ ಧ್ವನಿಮುದ್ರಣ ಮುಗಿಸಿ ಬಂದ ತಂಡವನ್ನು ಬೆಳಗಿನ ಜಾವ ಪ್ರಿಮ್‌ರೋಸ್ ಹಿಲ್‌ನಲ್ಲಿ ನಿಲ್ಲಿಸಿದ ಜೆರೆಡ್ ಮ್ಯಾಂಕೊವಿಟ್ಜ್ ಗಾಜಿನ ತುಂಡಿಗೆ ವ್ಯಾಸಲಿನ್ ಸವರಿ ಲೆನ್ಸಿನ ಮುಂದೆ ಹಿಡಿದಿದ್ದರು. 1966ರ ‘ಬ್ಲಾಂಡ್ ಆನ್ ಬ್ಲಾಂಡ್’ ಮೇಲಿನ ಬಾಬ್ ಡಿಲನ್ ಮಸುಕಾಗಿರುವುದಕ್ಕೆ ಮಾತ್ರ ಅಂಥ ಯಾವ ಯೋಜನೆಯೂ ಇಲ್ಲ. ಚಳಿಗೆ ತಾನೂ ಡಿಲನ್ನೂ ನಡುಗುತ್ತಿದ್ದೆವು ಎನ್ನುವುದು ಛಾಯಾಗ್ರಾಹಕ ಜೆರ್ರಿ ಶಾಟ್ಸ್‌ಬರ್ಗ್ ಕೊಟ್ಟ ವಿವರಣೆ. ಗುರುತಿಸುವುದು ಕಷ್ಟವಲ್ಲ: ನಡು ಸ್ಪಷ್ಟವಾಗಿದ್ದು ಅಂಚು ಮಾತ್ರ ಕರಗಿದ್ದರೆ ಲೆನ್ಸಿನ ಮುಂದಿನ ಕೈಚಳಕ, ಇಡೀ ಚಿತ್ರ ಒಂದೇ ದಿಕ್ಕಿಗೆ ಜಾರಿದ್ದರೆ ಅಲುಗಾಟ.

ರಂಗದ ಫೋಟೊ ಯಾವ ಹೊತ್ತಿನದು?

ಮ್ಯೂಸಿಕಲ್‌ಗಳ ಫೋಟೊ ನೋಡುವಾಗ ಹೆಚ್ಚಿನವರು ಒಂದು ವಿಷಯವನ್ನು ಮರೆಯುತ್ತಾರೆ. ಅವುಗಳಲ್ಲಿ ಬಹುಪಾಲು ಪ್ರೇಕ್ಷಕರ ಎದುರು ನಡೆಯುತ್ತಿದ್ದ ಪ್ರದರ್ಶನದಲ್ಲಿ ತೆಗೆದವಲ್ಲ. ವೇಷಭೂಷಣದೊಂದಿಗೆ ನಡೆಯುವ ಕೊನೆಯ ತಾಲೀಮಿನ ಆಸುಪಾಸಿನಲ್ಲಿ ಫೋಟೊಗೆಂದೇ ಒಂದು ಹೊತ್ತನ್ನು ಮೀಸಲಿಟ್ಟು, ಆಯ್ದ ಸನ್ನಿವೇಶಗಳನ್ನು ನಟರಿಂದ ಮತ್ತೆ ಮಾಡಿಸಿ, ‘ಹಾಗೇ ಇರಿ’ ಎಂದು ನಿಲ್ಲಿಸಿ ತೆಗೆಯುವ ಪದ್ಧತಿ ಇತ್ತು. ಅದಕ್ಕೆ ಫೋಟೊ ಕಾಲ್ ಎನ್ನುತ್ತಾರೆ. ಮೆಕ್‌ಬೀನ್ ಪೀಳಿಗೆಯವರು ದೊಡ್ಡ ಪ್ಲೇಟ್ ಕ್ಯಾಮೆರಾ ಇಟ್ಟು, ರಂಗದ ದೀಪಗಳು ಸಾಲದಿದ್ದಲ್ಲಿ ತಮ್ಮ ದೀಪಗಳನ್ನೂ ಸೇರಿಸಿ ತೆಗೆಯುತ್ತಿದ್ದರು. ಜೋಯಿ ಡೊಮಿನಿಕ್ ಮತ್ತು ನ್ಯೂಯಾರ್ಕ್‌ನ ಮಾರ್ಥಾ ಸ್ವೋಪ್ ಅವರಂಥ ಮುಂದಿನವರು ಸಣ್ಣ ಕ್ಯಾಮೆರಾ ಹಿಡಿದು ತಾಲೀಮಿನ ಓಟದ ನಡುವೆಯೇ ಚಿತ್ರ ಹಿಡಿದರು.

ಎರಡು ಬಗೆಯನ್ನೂ ಬೇರ್ಪಡಿಸಲು ಮೊದಲು ಕೈಬೆರಳುಗಳನ್ನೂ ಬಟ್ಟೆಯ ಅಂಚನ್ನೂ ನೋಡಬೇಕು. ಕುಣಿತದ ನಡುವಿನ ಫೋಟೊದಲ್ಲಿ ಲಂಗದ ಅಂಚು, ಬೀಸಿದ ಬೆರಳು, ಹಾರಿದ ಕೂದಲು ಸ್ವಲ್ಪವಾದರೂ ಮಸುಕಾಗಿರುತ್ತವೆ. ಭಂಗಿ ಎಷ್ಟೇ ರಭಸದ್ದಾಗಿದ್ದರೂ ಬಟ್ಟೆ ನೇರ ಕೆಳಗೆ ಇಳಿಬಿದ್ದಿದ್ದರೆ ಅಲ್ಲಿ ಯಾರೂ ಚಲಿಸುತ್ತಿರಲಿಲ್ಲ. ಹಾಡುವವರ ಕತ್ತಿನ ನರಗಳನ್ನು ಗಮನಿಸಿ. ನಿಜವಾಗಿ ಏರುಸ್ವರ ಹಿಡಿದವರ ಕತ್ತು ಬಿಗಿದಿರುತ್ತದೆ, ಬಾಯಿ ಅಷ್ಟೇನೂ ಚೆಂದವಾಗಿ ಕಾಣುವುದಿಲ್ಲ. ಫೋಟೊ ಕಾಲ್‌ನಲ್ಲಿ ಎಲ್ಲರ ಬಾಯಿಯೂ ಸುಂದರವಾಗಿ ತೆರೆದಿರುತ್ತದೆ. ಹಿನ್ನೆಲೆಯೂ ಸುಳಿವು ಕೊಡುತ್ತದೆ: ರಂಗದ ದೀಪವೊಂದರಲ್ಲೇ ತೆಗೆದಾಗ ಮುಖಕ್ಕೆ ಹೊಂದಿಸಿದ ಬೆಳಕಿಗೆ ಹಿಂದಿನ ಸಜ್ಜಿಕೆ ಕಪ್ಪಿನಲ್ಲಿ ಮುಳುಗುತ್ತದೆ, ಮೂಲೆಮೂಲೆಯೂ ಸಮನಾಗಿ ಬೆಳಗಿದ್ದರೆ ಬೇರೆ ದೀಪಗಳು ಬಂದಿವೆ ಎಂದೇ ಅರ್ಥ.

ಹಾಗೆಂದು ಫೋಟೊ ಕಾಲ್ ಚಿತ್ರಗಳನ್ನು ಸುಳ್ಳೆಂದು ತಳ್ಳಿಹಾಕುವುದು ದಡ್ಡತನ. ರಂಗಸಜ್ಜಿಕೆಯ ವಿವರ ತಿಳಿಯಬೇಕಾದರೆ ಅವುಗಳಷ್ಟು ಉಪಯೋಗಕ್ಕೆ ಬರುವುದು ಮತ್ತೊಂದಿಲ್ಲ. 1960ರ ಜೂನ್ 30ರಂದು ಲಂಡನ್ನಿನ ನ್ಯೂ ಥಿಯೇಟರ್‌ನಲ್ಲಿ ಆರಂಭವಾಗಿ 2,618 ಪ್ರದರ್ಶನ ಕಂಡ ಲಯನೆಲ್ ಬಾರ್ಟ್‌ರ ‘ಆಲಿವರ್!’ ನಾಟಕಕ್ಕೆ ಶಾನ್ ಕೆನ್ನಿ ಮರದ ತೊಲೆ, ಮೆಟ್ಟಿಲು, ಅಟ್ಟಣೆಗಳ ಸಜ್ಜಿಕೆಯನ್ನು ಮಾಡಿದ್ದರು. ಅದು ಪ್ರೇಕ್ಷಕರ ಕಣ್ಣೆದುರೇ ತಿರುಗಿ ದೃಶ್ಯ ಬದಲಿಸುತ್ತಿತ್ತು. ಅದರ ಬೇರೆ ಬೇರೆ ದೃಶ್ಯಗಳ ಫೋಟೊಗಳನ್ನು ಸಾಲಾಗಿಟ್ಟು, ಒಂದೇ ಮೆಟ್ಟಿಲು ಒಂದರಲ್ಲಿ ಎಡಕ್ಕೂ ಇನ್ನೊಂದರಲ್ಲಿ ಬಲಕ್ಕೂ ಇರುವುದನ್ನು ಗುರುತಿಸುತ್ತ ಹೋದರೆ ರಂಗ ಎಷ್ಟು ತಿರುಗಿದೆ ಎಂಬ ಅಂದಾಜು ಸಿಗುತ್ತದೆ. 1966ರ ನವೆಂಬರ್ 20ರಂದು ನ್ಯೂಯಾರ್ಕ್‌ನ ಬ್ರಾಡ್‌ಹರ್ಸ್ಟ್ ಥಿಯೇಟರ್‌ನಲ್ಲಿ ಆರಂಭವಾದ ‘ಕ್ಯಾಬರೆ’ಗೆ ಬೋರಿಸ್ ಆರನ್‌ಸನ್ ರಂಗದ ಮೇಲೆ ವಾಲಿಸಿದ ದೊಡ್ಡ ಕನ್ನಡಿಯೊಂದನ್ನು ತೂಗುಹಾಕಿದ್ದರು, ಪ್ರೇಕ್ಷಕರು ಅದರಲ್ಲಿ ತಮ್ಮನ್ನೇ ನೋಡುತ್ತಿದ್ದರು. ನಾಟ್ಸಿಗಳು ಮೇಲೇರುತ್ತಿದ್ದ ಬರ್ಲಿನ್ನಿನ ಕಥೆಯಲ್ಲಿ ಆ ಕನ್ನಡಿ ಏನು ಕೇಳುತ್ತಿತ್ತು ಎಂಬುದನ್ನು ವಿವರಿಸಬೇಕಿಲ್ಲ. ಆ ನಾಟಕದ ಫೋಟೊ ಸಿಕ್ಕಾಗ ನಟರನ್ನು ಬಿಟ್ಟು ಮೊದಲು ಮೇಲ್ಭಾಗವನ್ನು ನೋಡುವುದು ನನಗೆ ರೂಢಿಯಾಗಿದೆ.

ಫೋಟೊವೇ ನಾಟಕದ ಒಳಗೆ ಬಂದ ಉದಾಹರಣೆಯೂ ಇದೆ. 1963ರ ಮಾರ್ಚ್ 19ರಂದು, ಅಂದರೆ ಬೀಟಲ್ಸ್‌ರ ಮೊದಲ ಆಲ್ಬಮ್ ಬರುವುದಕ್ಕೆ ಮೂರೇ ದಿನ ಮುಂಚೆ, ಪೂರ್ವ ಲಂಡನ್ನಿನ ಥಿಯೇಟರ್ ರಾಯಲ್‌ನಲ್ಲಿ ಜೋನ್ ಲಿಟಲ್‌ವುಡ್‌ರ ತಂಡ ‘ಓ, ವಾಟ್ ಎ ಲವ್ಲಿ ವಾರ್’ ಆಡಿತು. ಮುಂದೆ ವಿದೂಷಕರ ಬಿಳಿ ಉಡುಪಿನ ನಟರು ಮೊದಲ ಮಹಾಯುದ್ಧದ ಹಾಡುಗಳನ್ನು ಹಾಡುತ್ತಿದ್ದರೆ, ಹಿಂದಿನ ತೆರೆಯ ಮೇಲೆ ಕಂದಕಗಳಲ್ಲಿನ ನಿಜವಾದ ಸೈನಿಕರ ಫೋಟೊಗಳು ಬೀಳುತ್ತಿದ್ದವು, ಮೇಲೆ ಸತ್ತವರ ಸಂಖ್ಯೆಗಳು ಬೆಳಕಿನ ಅಕ್ಷರಗಳಲ್ಲಿ ಓಡುತ್ತಿದ್ದವು. ಆ ಪ್ರಯೋಗದ ಚಿತ್ರ ನೋಡುವಾಗ ಫೋಟೊದೊಳಗಿನ ಫೋಟೊವನ್ನೂ ಓದಬೇಕಾಗುತ್ತದೆ.

ಹಾಡಿನ ತಟ್ಟೆಯನ್ನು ಪಕ್ಕದಲ್ಲಿಟ್ಟುಕೊಂಡು

ಈ ಕಾಲದ ಮ್ಯೂಸಿಕಲ್‌ಗಳ ಮೂಲ ಪ್ರದರ್ಶನಗಳನ್ನು ಆದ್ಯಂತ ಚಿತ್ರೀಕರಿಸಿಟ್ಟ ಉದಾಹರಣೆ ಅಪರೂಪ. ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯ ರಂಗಪ್ರಯೋಗಗಳನ್ನು ದಾಖಲಿಸುವ ಸಂಗ್ರಹವನ್ನು ಆರಂಭಿಸಿದ್ದು 1970ರಲ್ಲಿ. ಹಾಗಾಗಿ ಅರವತ್ತರ ದಶಕದ ನಾಟಕ ನಮಗೆ ಎರಡು ತುಂಡುಗಳಾಗಿ ಉಳಿದಿದೆ: ಸದ್ದಿಲ್ಲದ ಫೋಟೊಗಳು ಒಂದು ಕಡೆ, ಮೂಲ ತಂಡದವರು ಹಾಡಿದ ಎಲ್‌ಪಿ ತಟ್ಟೆ ಇನ್ನೊಂದು ಕಡೆ. ಆ ತಟ್ಟೆಗಳನ್ನು ಸಾಮಾನ್ಯವಾಗಿ ಪ್ರಥಮ ಪ್ರದರ್ಶನದ ನಂತರ ಬರುವ ಭಾನುವಾರ, ಒಂದೇ ದಿನದಲ್ಲಿ ಮುದ್ರಿಸಿ ಮುಗಿಸುತ್ತಿದ್ದರು. ಎಲ್‌ಪಿಯ ಎರಡು ಬದಿಯಲ್ಲಿ ಹಿಡಿಸುವ ಅವಧಿ ಸೀಮಿತವಾದ್ದರಿಂದ ಕುಣಿತದ ಸಂಗೀತವನ್ನು ಬಹಳಷ್ಟು ಕತ್ತರಿಸುತ್ತಿದ್ದರು. ಫೋಟೊಗಳ ಮುಖ್ಯ ಕೆಲಸ ಇರುವುದೇ ಇಲ್ಲಿ. ತಟ್ಟೆಯಲ್ಲಿ ಇಲ್ಲದ ಕುಣಿತ ಫೋಟೊದಲ್ಲಿ ಇರುತ್ತದೆ.

ಕ್ರಮ ಸರಳವಾಗಿದೆ. ಒಂದು ನಾಟಕವನ್ನು ಆರಿಸಿಕೊಂಡು, ತಟ್ಟೆಯ ಹಾಡುಗಳ ಪಟ್ಟಿಯನ್ನು ನಾಟಕದ ದೃಶ್ಯಾನುಕ್ರಮದಲ್ಲಿ ಬರೆದುಕೊಳ್ಳಬೇಕು. ತಟ್ಟೆಯ ಮೇಲಿನ ಕ್ರಮ ರಂಗದ ಕ್ರಮವೇ ಆಗಿರಬೇಕೆಂದಿಲ್ಲ, ಆದ್ದರಿಂದ ಪ್ರದರ್ಶನದ ಕಿರುಹೊತ್ತಗೆಯೊಂದು ಸಿಕ್ಕರೆ ಅದನ್ನೇ ಆಧಾರವಾಗಿ ಇಟ್ಟುಕೊಳ್ಳುವುದು ಲೇಸು. ನಂತರ ಪ್ರತಿ ಫೋಟೊವನ್ನೂ ಒಂದೊಂದು ಹಾಡಿನ ಎದುರು ಇಡುತ್ತ ಹೋಗಬೇಕು. ಯಾವ ಹಾಡಿಗೂ ಹೊಂದದ ಫೋಟೊ ಉಳಿದರೆ ಅದು ಕುಣಿತದ್ದೋ ಮಾತಿನ ದೃಶ್ಯದ್ದೋ, ಆರಂಭಕ್ಕೆ ಮೊದಲೇ ಕೈಬಿಟ್ಟ ದೃಶ್ಯದ್ದೋ ಆಗಿರುವ ಸಾಧ್ಯತೆಯಿದೆ. ಕೊನೆಯ ಬಗೆಯದು ಸಿಕ್ಕಿತೆಂದರೆ ಅಭಿಮಾನಿಗೆ ಹಬ್ಬ. ನ್ಯೂಯಾರ್ಕ್ ಗ್ರಂಥಾಲಯದ ಲಿಂಕನ್ ಸೆಂಟರ್ ಶಾಖೆಯಲ್ಲಿರುವ ಫ್ರೀಡ್‌ಮನ್-ಏಬಲ್ಸ್ ಮತ್ತು ಮಾರ್ಥಾ ಸ್ವೋಪ್ ಸಂಗ್ರಹಗಳು ಈ ಕೆಲಸಕ್ಕೆ ಅತ್ಯುತ್ತಮ. ಅವುಗಳ ದೊಡ್ಡ ಭಾಗವನ್ನು ಅಂತರ್ಜಾಲದಲ್ಲಿಯೇ ನೋಡಬಹುದು. ಲಂಡನ್ನಿನ ನಾಟಕಗಳಿಗೆ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನ ರಂಗಭೂಮಿ ಸಂಗ್ರಹವನ್ನು ನೋಡಬೇಕು.

ಹೀಗೆ ಹಾಡು-ಚಿತ್ರ ಜೋಡಿಸುತ್ತ ಹೋದಂತೆ ಪಾಪ್ ಮತ್ತು ರಂಗ ಒಂದರೊಳಗೊಂದು ಹೊಕ್ಕಿರುವುದು ಎದುರಾಗುತ್ತಲೇ ಇರುತ್ತದೆ. ‘ಆಲಿವರ್!’ ಬರೆದ ಬಾರ್ಟ್ ಅದಕ್ಕೂ ಹಿಂದಿನ ವರ್ಷ ಕ್ಲಿಫ್ ರಿಚರ್ಡ್‌ಗೆ ‘ಲಿವಿಂಗ್ ಡಾಲ್’ ಎಂಬ ಜನಪ್ರಿಯ ಹಾಡು ಬರೆದುಕೊಟ್ಟವರು. ‘ವಿತ್ ದ ಬೀಟಲ್ಸ್’ನಲ್ಲಿ ಪಾಲ್ ಮೆಕಾರ್ಟ್ನಿ ಹಾಡಿರುವ ‘ಟಿಲ್ ದೇರ್ ವಾಸ್ ಯು’ ಮೂಲತಃ 1957ರ, ನ್ಯೂಯಾರ್ಕ್‌ನ ಮುಖ್ಯ ರಂಗಮಂದಿರಗಳ ಕೇರಿಯಾದ ಬ್ರಾಡ್‌ವೇಯ ನಾಟಕ ‘ದ ಮ್ಯೂಸಿಕ್ ಮ್ಯಾನ್’ನದು. 1964ರ ಮೇ 9ರ ಬಿಲ್‌ಬೋರ್ಡ್ ಪಟ್ಟಿಯಲ್ಲಿ, ಅಂದರೆ ಅಮೆರಿಕದ ಜನಪ್ರಿಯ ಹಾಡುಗಳ ವಾರದ ಪಟ್ಟಿಯಲ್ಲಿ, ಹದಿನಾಲ್ಕು ವಾರ ಅಲುಗಾಡದೆ ಕುಳಿತಿದ್ದ ಬೀಟಲ್ಸ್‌ರನ್ನು ಮೊದಲ ಸ್ಥಾನದಿಂದ ಇಳಿಸಿದ್ದು ‘ಹಲೋ, ಡಾಲಿ!’ ನಾಟಕದ ಹಾಡು. ಹಾಡಿದವರು ಲೂಯಿ ಆರ್ಮ್‌ಸ್ಟ್ರಾಂಗ್, ಆಗ ಅರವತ್ತು ದಾಟಿದ್ದವರು.

ಇವೆಲ್ಲ ಒಂದೇ ಕಡೆ ಸೇರುವ ರಾತ್ರಿಯೆಂದರೆ 1964ರ ಫೆಬ್ರವರಿ 9. ಸುಮಾರು 7.3 ಕೋಟಿ ಜನ ನೋಡಿದ ‘ಎಡ್ ಸಲಿವನ್ ಶೋ’ನಲ್ಲಿ ಬೀಟಲ್ಸ್ ಮೊದಲ ಸಲ ಅಮೆರಿಕದ ದೂರದರ್ಶನದಲ್ಲಿ ನೇರವಾಗಿ ಹಾಡಿದರು, ‘ಟಿಲ್ ದೇರ್ ವಾಸ್ ಯು’ ಕೂಡ ಅಂದಿನ ಹಾಡುಗಳಲ್ಲೊಂದು. ಅದೇ ಕಾರ್ಯಕ್ರಮದಲ್ಲಿ ‘ಆಲಿವರ್!’ ನಾಟಕದ ಬ್ರಾಡ್‌ವೇ ತಂಡವೂ ಹಾಡಿತು. ಅದರಲ್ಲಿ ಕಿಸೆಗಳ್ಳ ಹುಡುಗನ ಪಾತ್ರ ಮಾಡಿದ್ದ ಡೇವಿ ಜೋನ್ಸ್ ಮುಂದೆ ಮಂಕೀಸ್ ತಂಡದ ಗಾಯಕನಾದರು. ಕಾರ್ಯಕ್ರಮ ನಡೆದ ಸ್ಟುಡಿಯೊ ಕೂಡ 1927ರಲ್ಲಿ ನಾಟಕಕ್ಕೆಂದೇ ಕಟ್ಟಿದ ಬ್ರಾಡ್‌ವೇ ರಂಗಮಂದಿರ. ಅಂದಿನ ಫೋಟೊಗಳಲ್ಲಿ ತಂಡದ ಸುತ್ತಲಿಂದ ಒಳಮುಖವಾಗಿ ಚಾಚಿರುವ ದೊಡ್ಡ ಬಾಣಗಳ ಸಜ್ಜಿಕೆ ಕಾಣುತ್ತದೆ. ನೋಡುವವನ ಕಣ್ಣನ್ನು ಎಲ್ಲಿಗೆ ಎಳೆಯಬೇಕೆಂಬ ರಂಗಸಜ್ಜಿಕೆಯ ಹಳೆಯ ಪಾಠವನ್ನು ಅಲ್ಲಿ ಮುಚ್ಚುಮರೆಯಿಲ್ಲದೆ ಬಳಸಿದ್ದಾರೆ. ವಾರದ ನಂತರದ ಎರಡನೆಯ ಕಾರ್ಯಕ್ರಮ ಮಯಾಮಿಯ ಹೋಟೆಲಿನಿಂದ ಪ್ರಸಾರವಾದ್ದರಿಂದ, ಬಾಣಗಳು ಕಂಡರೆ ನ್ಯೂಯಾರ್ಕ್‌ನದೆಂದು ಗುರುತಿಸಿಕೊಳ್ಳಬಹುದು.

ಹೊದಿಕೆಗಳನ್ನು ಜೋಡಿಯಾಗಿ ನೋಡುವುದೂ ಒಳ್ಳೆಯ ಅಭ್ಯಾಸ. ‘ವೆಸ್ಟ್ ಸೈಡ್ ಸ್ಟೋರಿ’ಯ 1957ರ ತಟ್ಟೆಗಾಗಿ, ಅದನ್ನು ಹೊರತಂದ ಕೊಲಂಬಿಯಾ ಕಂಪನಿಯ ಪರವಾಗಿ, ಲಿಯೊ ಫ್ರೀಡ್‌ಮನ್ ನಾಯಕ ನಾಯಕಿಯರನ್ನು ರಂಗದಿಂದ ಹೊರತಂದು ನ್ಯೂಯಾರ್ಕ್‌ನ ನಿಜವಾದ ಬೀದಿಯಲ್ಲಿ ಓಡಿಸಿ ಚಿತ್ರ ತೆಗೆದರು. 1963ರ ಫೆಬ್ರವರಿಯಲ್ಲಿ ಡಾನ್ ಹನ್‌ಸ್ಟೈನ್ ಅದೇ ಕೊಲಂಬಿಯಾ ಕಂಪನಿಗಾಗಿ ಬಾಬ್ ಡಿಲನ್ ಮತ್ತು ಆತನ ಗೆಳತಿಯನ್ನು ಗ್ರೆನಿಚ್ ವಿಲೇಜ್‌ನ ಜೋನ್ಸ್ ಸ್ಟ್ರೀಟ್‌ನಲ್ಲಿ, ಹಿಮ ಕರಗಿದ ರಸ್ತೆಯ ನಡುವೆ ಆಕೆ ಆತನ ತೋಳು ಹಿಡಿದುಕೊಂಡಂತೆ ನಡೆಸಿ ಚಿತ್ರ ತೆಗೆದರು. ಒಂದರ ಪ್ರಭಾವ ಇನ್ನೊಂದರ ಮೇಲೆ ಆಯಿತೆಂದು ನಾನು ವಾದಿಸುವುದಿಲ್ಲ. ಆದರೆ ರಂಗದ ಜೋಡಿ ಎಷ್ಟು ಅಣಿಗೊಳಿಸಿದ್ದೋ ಬೀದಿಯ ಜೋಡಿಯೂ ಬಹುಮಟ್ಟಿಗೆ ಅಷ್ಟೇ ಅಣಿಗೊಳಿಸಿದ್ದು ಎಂಬುದು ಎರಡನ್ನೂ ಒಟ್ಟಿಗೆ ಇಟ್ಟಾಗಲೇ ಮನಸ್ಸಿಗೆ ಬರುತ್ತದೆ.

ಆಯ್ಕೆಯಾಗದ ಚೌಕಟ್ಟುಗಳು

ಪ್ರಸಿದ್ಧ ಫೋಟೊವೊಂದರ ಅಕ್ಕಪಕ್ಕದಲ್ಲಿ ತೆಗೆದ ಉಳಿದ ಚಿತ್ರಗಳು ಸಿಗುವಂತಿದ್ದರೆ ಅವನ್ನು ಹುಡುಕಿ ನೋಡಲೇಬೇಕು. 35 ಮಿ.ಮೀ. ಸುರುಳಿಯಲ್ಲಿ 36, ಹ್ಯಾಸಲ್‌ಬ್ಲಾಡ್ ಮತ್ತು ರೋಲಿಫ್ಲೆಕ್ಸ್‌ನಂಥ ಚೌಕ ನೆಗೆಟಿವ್ ಕ್ಯಾಮೆರಾಗಳ ಸುರುಳಿಯಲ್ಲಿ 12 ಚಿತ್ರಗಳು ಬರುತ್ತಿದ್ದವು. ಇಡೀ ಸುರುಳಿಯ ನೆಗೆಟಿವ್‌ಗಳನ್ನು ಒಂದೇ ಕಾಗದದ ಮೇಲಿಟ್ಟು ಅದೇ ಅಳತೆಯಲ್ಲಿ ಮುದ್ರಿಸಿದ ಹಾಳೆಗೆ ಕಾಂಟ್ಯಾಕ್ಟ್ ಶೀಟ್ ಎನ್ನುತ್ತಾರೆ. ಅದರ ಮೇಲೆ ಮೇಣದ ಪೆನ್ಸಿಲ್ಲಿನಲ್ಲಿ ಹಾಕಿದ ಗುರುತುಗಳು ಛಾಯಾಗ್ರಾಹಕ ಏನನ್ನು ಒಪ್ಪಿದ, ಏನನ್ನು ಬಿಟ್ಟ ಎಂಬುದನ್ನು ಹೇಳುತ್ತವೆ.

ಬೀಟಲ್ಸ್‌ರ ‘ಆ್ಯಬಿ ರೋಡ್’ ಆಲ್ಬಮ್ಮಿನ ಮುಖಚಿತ್ರಕ್ಕಾಗಿ 1969ರ ಆಗಸ್ಟ್ 8ರ ಬೆಳಿಗ್ಗೆ ಇಯಾನ್ ಮ್ಯಾಕ್‌ಮಿಲನ್ ಆ್ಯಬಿ ರೋಡಿನ ನಡುವೆ ಏಣಿ ಹಾಕಿ ಹತ್ತಿ, ಪೊಲೀಸರೊಬ್ಬರು ವಾಹನಗಳನ್ನು ತಡೆದಿದ್ದ ಕೆಲವೇ ನಿಮಿಷಗಳಲ್ಲಿ ತೆಗೆದದ್ದು ಆರು ಚಿತ್ರಗಳು. ಆಯ್ಕೆಯಾದದ್ದು ಐದನೆಯದು. ಆರನ್ನೂ ನೋಡಿದವರಿಗೆ ಕಾರಣ ಹೊಳೆಯದಿರದು: ನಾಲ್ವರ ಕಾಲುಗಳೂ ಕತ್ತರಿಯಂತೆ ಸಮನಾಗಿ ತೆರೆದಿರುವುದು ಅದೊಂದರಲ್ಲೇ. ಮೊದಲ ಚಿತ್ರಗಳಲ್ಲಿ ಮೆಕಾರ್ಟ್ನಿಯ ಕಾಲಲ್ಲಿ ಚಪ್ಪಲಿಯಿದೆ, ಆಮೇಲೆ ಇಲ್ಲ. ಬರಿಗಾಲಿಗೆ ಏನೇನೋ ಗೂಢಾರ್ಥ ಹಚ್ಚಿದವರು ಈ ಸಾಲನ್ನು ಒಮ್ಮೆ ನೋಡಿದ್ದರೆ ಎಷ್ಟೋ ಶ್ರಮ ಉಳಿಯುತ್ತಿತ್ತು. 1963ರಲ್ಲಿ ಲೂಯಿಸ್ ಮಾರ್ಲಿ ತೆಗೆದ, ಬಟ್ಟೆಯಿಲ್ಲದೆ ಕುರ್ಚಿಯನ್ನು ತಿರುಗಿಸಿ ಕೂತ, ಆಗಿನ ಬ್ರಿಟಿಷ್ ರಾಜಕೀಯ ಹಗರಣವೊಂದರಿಂದ ಹೆಸರಾದ ಕ್ರಿಸ್ಟೀನ್ ಕೀಲರ್ ಚಿತ್ರ ಸುರುಳಿಯ ಕಡೆಯ ಚೌಕಟ್ಟು. ಮಾರ್ಲಿಯೂ ನಾಟಕಗಳ ಫೋಟೊ ತೆಗೆಯುತ್ತಿದ್ದವರೇ. ಪರದೆಗೆ ಬದಲಾಗಿ ಕುರ್ಚಿಯ ಬೆನ್ನನ್ನು ಬಳಸುವ ಉಪಾಯ ರಂಗವನ್ನು ಬಲ್ಲವರದೇ ಅನ್ನಿಸುತ್ತದೆ. ಆ ಕುರ್ಚಿ ಆರ್ನೆ ಯಾಕೊಬ್‌ಸನ್ ವಿನ್ಯಾಸದ ನಕಲು, ಬೆನ್ನಿನಲ್ಲಿ ಕೈ ಹಿಡಿಯುವ ಸೀಳು ಇರುವುದೇ ಅದರ ಗುರುತು.

ಕಾಗದ, ಅಂಚು, ಹಿಂಬದಿ

ಫೋಟೊ ಕೈಗೆ ಸಿಕ್ಕಾಗ ಮೊದಲು ಭೂತಗನ್ನಡಿ ಹಿಡಿಯಿರಿ. ಸಾಲುಸಾಲಾದ ಚುಕ್ಕೆಗಳು ಕಂಡರೆ ಅದು ಪತ್ರಿಕೆಯದೋ ಪುಸ್ತಕದ್ದೋ ಅಚ್ಚು. ಚುಕ್ಕೆಗಳಿಲ್ಲದೆ ಅಡ್ಡಾದಿಡ್ಡಿ ಹರಡಿದ ಕಣಗಳಿದ್ದರೆ ಫೋಟೊ ಕಾಗದದ ಪ್ರಿಂಟ್. ಛಾಯಾಗ್ರಾಹಕ ಡೇವಿಡ್ ಬೈಲಿಯ 1965ರ ‘ಬಾಕ್ಸ್ ಆಫ್ ಪಿನ್-ಅಪ್ಸ್’ನ 36 ಹಾಳೆಗಳೂ ಅಚ್ಚಿನವೇ, ಆದ್ದರಿಂದ ಚುಕ್ಕೆಯಿದ್ದ ಮಾತ್ರಕ್ಕೆ ಬೆಲೆಯಿಲ್ಲವೆಂದು ತಿಳಿಯಬಾರದು. ಕಪ್ಪು-ಬಿಳುಪು ಪ್ರಿಂಟಿನ ಕಾಗದ ಪ್ಲಾಸ್ಟಿಕ್‌ನಂತೆ ನುಣುಪಾಗಿ, ಸುರುಳಿ ಸುತ್ತಿಕೊಳ್ಳದೆ ಚಪ್ಪಟೆಯಾಗಿದ್ದರೆ ಅದು ರೆಸಿನ್ ಲೇಪಿತ ಕಾಗದ. ಕಪ್ಪು-ಬಿಳುಪಿಗೆ ಅದು ಬಳಕೆಗೆ ಬಂದದ್ದು ಎಪ್ಪತ್ತರ ದಶಕದಲ್ಲಿ; ನೆಗೆಟಿವ್ ಅರವತ್ತರದ್ದೇ ಆಗಿದ್ದರೂ ಪ್ರಿಂಟ್ ಆಮೇಲಿನದು.

ಪತ್ರಿಕಾ ಪ್ರಿಂಟುಗಳ ಹಿಂಬದಿಯನ್ನು ಎಂದೂ ಬಿಡಬಾರದು. ಛಾಯಾಗ್ರಾಹಕನ ಮುದ್ರೆ, ಟೈಪ್ ಮಾಡಿ ಅಂಟಿಸಿದ ವಿವರದ ಚೀಟಿ, ಪತ್ರಿಕಾ ಕಚೇರಿಯ ತಾರೀಖಿನ ಮೊಹರು ಎಲ್ಲವೂ ಅಲ್ಲಿಯೇ ಇರುತ್ತವೆ. ಮೊಹರಿನ ತಾರೀಖು ಪ್ರಕಟಣೆಯದ್ದೋ ಕಡತಕ್ಕೆ ಸೇರಿದ್ದೋ ಇರಬಹುದು, ಫೋಟೊ ತೆಗೆದದ್ದು ಅದಕ್ಕೂ ಮೊದಲೇ ಇದ್ದೀತು.

ಅಭಿಮಾನಿಗಳೇ ತೆಗೆದ ಫೋಟೊಗಳು ನನಗೆ ವೃತ್ತಿಪರರ ಚಿತ್ರಗಳಷ್ಟೇ ಇಷ್ಟ. 1963ರಲ್ಲಿ ಕೊಡಾಕ್ ಇನ್‌ಸ್ಟಮ್ಯಾಟಿಕ್ ಬಂದ ಮೇಲೆ ಚೌಕಾಕಾರದ ಪುಟ್ಟ ಪ್ರಿಂಟುಗಳು ಎಲ್ಲೆಡೆ ಕಾಣಿಸಿಕೊಂಡವು. 1970ರೊಳಗೆ ಆ ಕ್ಯಾಮೆರಾ ಐದು ಕೋಟಿಗೂ ಹೆಚ್ಚು ಮಾರಾಟವಾಯಿತು. 1965ರಿಂದ ನಾಲ್ಕು ಸಲ ಮಿಂಚುವ ಫ್ಲ್ಯಾಶ್ ಕ್ಯೂಬ್ ಜೊತೆಯಾಯಿತು. ಅದರ ಬೆಳಕು ಕೆಲವೇ ಮೀಟರ್ ಹೋಗುವುದರಿಂದ ಸಭಾಂಗಣದ ಹಿಂಬದಿಯಿಂದ ತೆಗೆದ ಚಿತ್ರದಲ್ಲಿ ಮುಂದಿನ ಸಾಲಿನವರ ತಲೆಗೂದಲು ಬೆಳ್ಳಗೆ ಹೊಳೆಯುತ್ತದೆ, ಹಾಡುವವನು ದೂರದಲ್ಲಿ ಬೆರಳಿನುಗುರಿನಷ್ಟು ಮಸುಕು ಚುಕ್ಕೆಯಾಗಿರುತ್ತಾನೆ. ಅಂಥ ಚಿತ್ರವನ್ನು ಎಸೆಯಬೇಡಿ: ಪ್ರೇಕ್ಷಕರ ಕೇಶಶೈಲಿ, ಬಟ್ಟೆ, ಕುರ್ಚಿಗಳ ಸಾಲು ಅದರಲ್ಲಿರುವಷ್ಟು ಸ್ಪಷ್ಟವಾಗಿ ಬೇರೆಲ್ಲೂ ಸಿಗುವುದಿಲ್ಲ. ಬಿಳಿ ಅಂಚಿನ ಮೇಲೆ ತಿಂಗಳು-ವರ್ಷ ಅಚ್ಚಾಗಿದ್ದರೆ ಅದು ಪ್ರಿಂಟ್ ಹಾಕಿದ ಕಾಲ. ಕ್ಯಾಮೆರಾದಲ್ಲಿ ಸುರುಳಿ ತಿಂಗಳುಗಟ್ಟಲೆ ಹಾಗೆಯೇ ಕೂತಿರಬಹುದು.

ಬಣ್ಣದ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು. ಹಗಲು ಬೆಳಕಿಗೆಂದು ಮಾಡಿದ ಫಿಲ್ಮಿನಲ್ಲಿ ರಂಗದ ದೀಪಗಳ ಕೆಳಗೆ ತೆಗೆದರೆ ಎಲ್ಲವೂ ಕಿತ್ತಳೆಗೆ ತಿರುಗುತ್ತದೆ, ಆ ಬೆಚ್ಚನೆಯ ಛಾಯೆಯನ್ನು ಬೆಳಕು ವಿನ್ಯಾಸಕಾರನ ಖಾತೆಗೆ ಬರೆಯಬಾರದು. ಕಾಲ ಕಳೆದಂತೆ ಅನೇಕ ಪ್ರಿಂಟುಗಳಲ್ಲಿ ನೀಲಿಹಸಿರು ವರ್ಣ ಮೊದಲು ಮಾಸಿ ಚಿತ್ರ ಕೆಂಪಾಗುತ್ತದೆ. ಕೊಡಾಕ್ರೋಮ್ ಸ್ಲೈಡುಗಳು ಮಾತ್ರ ಕತ್ತಲಲ್ಲಿ ಇಟ್ಟರೆ ಆಶ್ಚರ್ಯವಾಗುವಷ್ಟು ಚೆನ್ನಾಗಿ ಉಳಿಯುತ್ತವೆ, ಆದರೆ ಪ್ರೊಜೆಕ್ಟರ್‌ನ ಬೆಳಕನ್ನು ಸಹಿಸುವುದಿಲ್ಲ. ಒಂದು ಸಲ ಸ್ಕ್ಯಾನ್ ಮಾಡಿ, ಮೂಲವನ್ನು ಡಬ್ಬದಲ್ಲಿ ಇಟ್ಟುಬಿಡುವುದು ಜಾಣತನ.

‘ಹೇರ್’ ನಾಟಕದ ಫೋಟೊಗಳಿಗೆ ಇನ್ನೊಂದು ಮಾತು ಸೇರಿಸಬೇಕು. ಲಂಡನ್ನಿನ ಶಾಫ್ಟ್ಸ್‌ಬರಿ ಥಿಯೇಟರ್‌ನಲ್ಲಿ ಅದು ಆರಂಭವಾದದ್ದು 1968ರ ಸೆಪ್ಟೆಂಬರ್ 27ರಂದು; ನಾಟಕಗಳನ್ನು ಪರಿಶೀಲಿಸಿ ಅನುಮತಿ ಕೊಡುವ ಲಾರ್ಡ್ ಚೇಂಬರ್‌ಲೇನ್ ಅಧಿಕಾರ ಹೊಸ ಕಾನೂನಿನಿಂದ ರದ್ದಾದದ್ದು ಹಿಂದಿನ ದಿನವಷ್ಟೇ. ಅದರ ಹೆಸರಾಂತ ನಗ್ನದೃಶ್ಯ ರಂಗದಲ್ಲಿ ಮಂದ ಬೆಳಕಿನಲ್ಲಿ, ಅಲ್ಪಕಾಲ ನಡೆಯುತ್ತಿತ್ತು. ಆದ್ದರಿಂದ ಆ ದೃಶ್ಯದ್ದೆಂದು ಹೇಳುವ ಚಿತ್ರ ಬೆಳ್ಳಗೆ, ಸ್ಪಷ್ಟವಾಗಿ ಇದ್ದರೆ ಅದು ಪ್ರದರ್ಶನದ್ದೇ ಎಂದು ನಂಬುವ ಮುನ್ನ ನೆರಳುಗಳನ್ನು ಪರೀಕ್ಷಿಸಬೇಕು.

ಕ್ಯಾಮೆರಾ ಕೈಗೆತ್ತಿಕೊಂಡಾಗ

ನೋಡಿ ಕಲಿತದ್ದನ್ನು ಒಮ್ಮೆ ಮಾಡಿ ನೋಡಿದರೆ ಬೇಗ ಮನದಟ್ಟಾಗುತ್ತದೆ. ಮೋಡ ಕವಿದ ದಿನ ಒಂದೇ ಕಿಟಕಿಯಿರುವ ಕೋಣೆಯಲ್ಲಿ ಉಳಿದ ದೀಪಗಳನ್ನೆಲ್ಲ ಆರಿಸಿ, ಕಪ್ಪು ಅಂಗಿ ತೊಟ್ಟವರನ್ನು ಕಿಟಕಿಗೆ ಪಕ್ಕವಾಗಿ ನಿಲ್ಲಿಸಿ, ಹಿಂದೆ ಒಂದೆರಡು ಮೀಟರ್ ದೂರದಲ್ಲಿ ಕಪ್ಪು ಬಟ್ಟೆ ತೂಗುಹಾಕಿ. ಬಟ್ಟೆ ತೀರ ಹತ್ತಿರವಿದ್ದರೆ ಅದರ ಮೇಲೂ ಬೆಳಕು ಬಿದ್ದು ನೆರಿಗೆಗಳು ಕಾಣುತ್ತವೆ. ಸ್ವಲ್ಪ ದೂರದಿಂದ ತೆಗೆಯುವ ಟೆಲಿ ಲೆನ್ಸ್ ಹಾಕಿ, ಬೆಳಕನ್ನು ಮುಖದ ಬೆಳಗಿದ ಭಾಗಕ್ಕೆ ಅಳೆದು, ನೆರಳಿನ ಭಾಗವನ್ನು ಕಪ್ಪಾಗಲು ಬಿಡಿ. ಬಿಳಿ ಹಲಗೆ ಹಿಡಿದು ನೆರಳನ್ನು ತಿಳಿಗೊಳಿಸುವ ಆಸೆಯಾಗುತ್ತದೆ, ಅದನ್ನು ಮಾಡಿದ ಕೂಡಲೇ ಚಿತ್ರದ ಬಿಗಿ ಹೋಗುತ್ತದೆ. ಒಬ್ಬರಿಗಿಂತ ಹೆಚ್ಚು ಜನರಿದ್ದರೆ ಕಿಟಕಿಗೆ ಹತ್ತಿರದವರ ಮುಖ ಹೆಚ್ಚು ಬೆಳಗುವುದರಿಂದ ಎಲ್ಲರನ್ನೂ ಕಿಟಕಿಯಿಂದ ಸಾಕಷ್ಟು ದೂರ ಸರಿಸಬೇಕಾಗುತ್ತದೆ.

ರಂಗದ ಫೋಟೊ ತೆಗೆಯುವ ಆಸೆಯಿದ್ದವರು ನಿರ್ದೇಶಕರ ಅನುಮತಿ ಪಡೆದು ಕೊನೆಯ ತಾಲೀಮಿಗೆ ಹೋಗಬೇಕು, ಪ್ರದರ್ಶನಕ್ಕಲ್ಲ. ಒಂದು ತಾಲೀಮನ್ನು ಕ್ಯಾಮೆರಾ ತೆಗೆಯದೆ ನೋಡಿ, ಹಾಡುಗಳಲ್ಲಿ ಉಸಿರು ತೆಗೆದುಕೊಳ್ಳುವ ಜಾಗಗಳನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಸ್ವರ ಮುಗಿದು ಬಾಯಿ ಮುಚ್ಚುವ ಮುಂಚಿನ ಆ ಗಳಿಗೆಯಲ್ಲಿ ದೇಹ ಕ್ಷಣಕಾಲ ನಿಲ್ಲುತ್ತದೆ, ಸೆಕೆಂಡಿನ ಅರವತ್ತನೆಯ ಒಂದು ಭಾಗದಷ್ಟು ನಿಧಾನದ ಷಟರ್‌ಗೂ ಆಗ ಮುಖ ಸ್ಪಷ್ಟವಾಗಿ ಸಿಗುತ್ತದೆ. ಫ್ಲ್ಯಾಶ್ ಬಳಸಲೇಬಾರದು, ನಟರ ಕಣ್ಣು ಕೋರೈಸುವುದರ ಜೊತೆಗೆ ಬೆಳಕು ವಿನ್ಯಾಸವೂ ಚಿತ್ರದಿಂದ ಅಳಿಸಿಹೋಗುತ್ತದೆ. ತೆಗೆದ ಪ್ರತಿ ಪ್ರಿಂಟಿನ ಹಿಂದೆ ಅಂಚಿನಲ್ಲಿ, ಮೆದು ಪೆನ್ಸಿಲ್ಲಿನಿಂದ ಹಗುರವಾಗಿ, ನಾಟಕದ ಹೆಸರು, ರಂಗಮಂದಿರ, ತಾರೀಖು, ತಾಲೀಮೋ ಪ್ರದರ್ಶನವೋ ಎಂಬುದು ಮತ್ತು ಆ ಹೊತ್ತಿಗೆ ನಡೆಯುತ್ತಿದ್ದ ಹಾಡನ್ನು ಬರೆದಿಡಿ. ಬಾಲ್‌ಪಾಯಿಂಟ್ ಪೆನ್ ಬೇಡ, ಒತ್ತಿ ಬರೆದರೆ ಅದರ ಗೆರೆ ಮುಂಬದಿಯ ಚಿತ್ರದಲ್ಲಿ ಉಬ್ಬಿ ಕಾಣುತ್ತದೆ.